ಐದು ವರ್ಷ ನಿಂತಿದ್ದ ನನ್ನ ಮೊದಲ ಕಾರು: ಒಂದು ಮಾರುತಿ 800ರ ದುರಸ್ತಿ ದಿನಚರಿ

2018ರ ಜೂನ್‌ನಿಂದ ಶೆಡ್ಡಿನಲ್ಲಿ ನಿಂತೇ ಇದ್ದ ನನ್ನ ಮಾರುತಿ 800 ಕಾರನ್ನು 2023ರ ಅಕ್ಟೋಬರ್‌ನಲ್ಲಿ ಬಿಚ್ಚಲು ಕೈಹಾಕಿದೆ. ಅದು ಮತ್ತೆ ರಸ್ತೆಗೆ ಇಳಿದದ್ದು 2024ರ ಫೆಬ್ರವರಿಯಲ್ಲಿ. ಹೆಚ್ಚುಕಡಿಮೆ ಭಾನುವಾರಗಳಲ್ಲಿ ಮಾತ್ರ ಮಾಡಿದ ಕೆಲಸವಾದ್ದರಿಂದ ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕರಲ್ಲಿ ಕನಿಷ್ಠ ಒಂದು ತಿಂಗಳು ನನ್ನ ತಪ್ಪುಗಳನ್ನು ನಾನೇ ತಿದ್ದಿಕೊಳ್ಳುವುದರಲ್ಲಿ ಹೋಯಿತು.

ಇದು 1996ರ ಕಾರು. 2003ರಲ್ಲಿ 92,000 ರೂಪಾಯಿ ಕೊಟ್ಟು ಕೊಂಡಾಗ ನನ್ನ ಬಳಿ ಇದ್ದದ್ದು ಕಲಿಕಾ ಲೈಸೆನ್ಸ್ ಮಾತ್ರ. ಸಂತೆ ಇಲ್ಲದ ದಿನಗಳಲ್ಲಿ ಸಂಜೆ ಸಂತೆಮಾಳದಲ್ಲಿ ಚಿಕ್ಕಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿತದ್ದು ಇದರಲ್ಲೇ. ಗುಜರಿಯವರು 14,000 ರೂಪಾಯಿ ಹೇಳಿದ್ದರು. ಮಗಳಿಗೆ ಹದಿನೆಂಟು ತುಂಬಿತು, ಅವಳು ಕಲಿಯಲು ಒಂದು ಸಣ್ಣ ಗಾಡಿ ಬೇಕು ಎಂಬ ಕಾರಣವನ್ನು ಮನೆಯಲ್ಲಿ ಮುಂದಿಟ್ಟೆ. ಕೊಡಲು ಮನಸ್ಸಾಗಲಿಲ್ಲ ಎಂಬುದೇ ಅಸಲು ಸಂಗತಿ.

ಬಿಡಿಭಾಗ ಕೇಳಲು ಹೋಗುವವರಿಗೆ ಉಪಯೋಗವಾಗುವಷ್ಟು ವಿವರ ಮೊದಲೇ ಬರೆದಿಡುತ್ತೇನೆ. ನನ್ನದು ಮೂರು ಸಿಲಿಂಡರಿನ 796 ಸಿಸಿ ಎಂಜಿನ್, ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ), ನಾಲ್ಕು ಗೇರು, 12 ಇಂಚಿನ ಚಕ್ರ. ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿದ್ದರೂ ಭಾಗಗಳು ಇನ್ನೂ ಸಿಗುತ್ತವೆ. ಆದರೆ 1983ರ ಡಿಸೆಂಬರ್‌ನಲ್ಲಿ ಬಂದ ಮೊದಲ ಮಾದರಿಯ ಮೈಕಟ್ಟು 1986ರಲ್ಲಿ ಪೂರ್ತಿ ಬದಲಾಗಿದೆ, ಆಮೇಲೆ ಸುಮಾರು 2000ದ ಹೊತ್ತಿಗೆ ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ (ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ) ಬಂದಿದೆ. ಹೀಗಾಗಿ ಬರೀ ‘800ರ ಪಂಪ್ ಕೊಡಿ’ ಎಂದರೆ ಅಂಗಡಿಯವರು ಕೊಡುವುದು ಬೇರೆಯದೇ ಆಗಿರಬಹುದು. ನನಗೆ ಒಮ್ಮೆ ಹಾಗೆಯೇ ಆಗಿ, ಮೂವತ್ತು ಕಿಲೋಮೀಟರ್ ಸುಮ್ಮನೆ ತಿರುಗಿದೆ. ಹಳೆಯ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗುವುದು ಕ್ಷೇಮ.

ಬಳಸಿದ ಸಾಮಾನು: 8ರಿಂದ 19ರವರೆಗಿನ ಸ್ಪ್ಯಾನರ್‌ಗಳು, ಪ್ಲಗ್ ಸ್ಪ್ಯಾನರ್, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಮಲ್ಟಿಮೀಟರ್, ಎರಡು ಟನ್ನಿನ ಜಾಕ್, ಒಂದು ಜೊತೆ ಸ್ಟ್ಯಾಂಡ್, ಉಕ್ಕಿನ ಅಳತೆಪಟ್ಟಿ, ಹಳೆಯ ಟೂತ್ ಬ್ರಷ್ ಮತ್ತು ನೂರು ಪುಟದ ಒಂದು ನೋಟ್‌ಪುಸ್ತಕ.

1. ಅಕ್ಟೋಬರ್ 8 – ಬರೀ ಅಳತೆ

ಏನನ್ನೂ ಬಿಚ್ಚದೆ, ಇದ್ದದ್ದನ್ನು ಇದ್ದ ಹಾಗೆ ಬರೆದುಕೊಳ್ಳುವುದಕ್ಕೆ ಮೊದಲ ದಿನವನ್ನು ಮೀಸಲಿಟ್ಟೆ. ಬ್ಯಾಟರಿ 3.1 ವೋಲ್ಟ್ ತೋರಿಸಿತು. ಅದನ್ನು ಉಳಿಸುವ ಪ್ರಶ್ನೆಯೇ ಇರಲಿಲ್ಲ. ನಾಲ್ಕೂ ಟೈರು ನೆಲಕ್ಕೆ ಅಂಟಿದ್ದವು. ಅವುಗಳ ಪಕ್ಕದ ಗೋಡೆಯ ಮೇಲೆ 3211 ಎಂಬ ನಾಲ್ಕು ಅಂಕಿಗಳಿದ್ದವು. ಎಂದರೆ 2011ರ 32ನೇ ವಾರದಲ್ಲಿ ತಯಾರಾದವು. ನೆಲ ಮುಟ್ಟುವ ಗುಂಡಿಗಳಲ್ಲಿ ರಬ್ಬರು ಇನ್ನೂ ಇತ್ತು, ಆದರೆ ಪಕ್ಕದಲ್ಲಿ ಉಗುರು ಹೋಗುವಷ್ಟು ಬಿರುಕು ಬಿಟ್ಟಿತ್ತು. ಏರ್ ಕ್ಲೀನರ್ ಡಬ್ಬಿಯೊಳಗೆ ಇಲಿ ಸಂಸಾರ ಹೂಡಿ ಖಾಲಿ ಮಾಡಿಕೊಂಡು ಹೋಗಿತ್ತು: ಒಣಹುಲ್ಲು, ಸೀಟಿನ ಸ್ಪಂಜು, ನನ್ನದೇ ಒಂದು ಕಾಲುಚೀಲದ ಅರ್ಧ ಭಾಗ.

ಬ್ರೇಕ್ ಪೆಡಲ್ ಮೊದಲ ಒತ್ತಿಗೆ ನೆಲ ಮುಟ್ಟಿತು, ಎರಡನೆಯ ಒತ್ತಿಗೆ ಅರ್ಧದಲ್ಲಿ ನಿಂತಿತು. ಕ್ಲಚ್ ಲಿವರ್ ಬಳಿ ಕೇಬಲ್ಲಿನ ಆಟವನ್ನು, ಎಂದರೆ ಸಡಿಲವನ್ನು, ಬೆರಳಲ್ಲಿ ಅಲುಗಿಸಿ ನೋಡಿದರೆ ಆಟವೇ ಇರಲಿಲ್ಲ. ನೋಟ್‌ಪುಸ್ತಕದಲ್ಲಿ ‘ಬ್ರೇಕ್ ಎಂದಿನಂತೆ ಎರಡು ಒತ್ತು, ಕ್ಲಚ್ ಆಟ 0, ಸರಿಯಿದೆ’ ಎಂದು ಬರೆದೆ. ಇಡೀ ಪುಸ್ತಕದಲ್ಲಿ ಅತ್ಯಂತ ಮೂರ್ಖ ಸಾಲು ಯಾವುದು ಎಂದು ಕೇಳಿದರೆ ಇದನ್ನೇ ತೋರಿಸುತ್ತೇನೆ.

2. ಅಕ್ಟೋಬರ್ 15 – ಎಂಜಿನ್ ತಿರುಗುತ್ತದೆಯೇ

ಆರು ಮಳೆಗಾಲ ಕಂಡ ಎಂಜಿನ್ನಿಗೆ ಹೊಸ ಬ್ಯಾಟರಿ ಕೊಟ್ಟು ಏಕಾಏಕಿ ಸ್ಟಾರ್ಟರ್ ಹೊಡೆಯುವುದು ಸರಿಯಲ್ಲ. ಪಿಸ್ಟನ್ ರಿಂಗು ಗೋಡೆಗೆ ಅಂಟಿಕೊಂಡಿದ್ದರೆ ರಿಂಗು ಮುರಿಯುತ್ತದೆ, ಇಲ್ಲವೇ ಗೋಡೆಗೆ ಗೀರು ಬೀಳುತ್ತದೆ. ಕಿಡಿ ಹೊಡೆಯುವ ಮೂರೂ ಪ್ಲಗ್ ತೆಗೆದು, ಪ್ರತಿ ರಂಧ್ರಕ್ಕೆ ಸಿರಿಂಜಿನಲ್ಲಿ 10 ಮಿ.ಲೀ. ಎಂಜಿನ್ ಆಯಿಲ್ ಬಿಟ್ಟು, ಬಟ್ಟೆ ತುರುಕಿ ಒಂದು ರಾತ್ರಿ ಬಿಟ್ಟೆ. ಮರುದಿನ ಬೆಳಿಗ್ಗೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ಎಂದಿನಂತೆ ತಿರುಗುವ ದಿಕ್ಕಿನಲ್ಲೇ ನಿಧಾನವಾಗಿ ಎಳೆದಾಗ ಮೊದಲಿಗೆ ಮಿಸುಕಲಿಲ್ಲ. ಒಂದು ಅಡಿ ಪೈಪಿನ ಸಹಾಯವನ್ನೂ ಪಡೆದಾಗ, ಒಣಗಿದ ಬಾಗಿಲು ತೆರೆದಂತಹ ಸದ್ದಿನೊಡನೆ ಕಾಲು ಸುತ್ತು ಸರಿಯಿತು. ಹತ್ತು ನಿಮಿಷದ ನಂತರ ಬರಿಗೈಯಲ್ಲೇ ಎನ್ನುವಷ್ಟು ಹಗುರವಾಗಿ ತಿರುಗುತ್ತಿತ್ತು.

ಪ್ಲಗ್ಗುಗಳು ಮೂರೂ ಮಸಿಯಂತೆ ಕಪ್ಪಾಗಿದ್ದವು. ನಿಂತದ್ದರಿಂದ ಪ್ಲಗ್ ಕಪ್ಪಾಗುವುದಿಲ್ಲ. ನಿಲ್ಲುವುದಕ್ಕೆ ಮುಂಚೆಯೇ ಕಾರು ಬೇಡದಷ್ಟು ಪೆಟ್ರೋಲ್ ಕುಡಿಯುತ್ತಿತ್ತು ಎಂಬುದರ ಗುರುತು ಅದು. ಆಗ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಹೊಸ ಪ್ಲಗ್ ತಂದೆ (3ಕ್ಕೆ 360 ರೂ.), ಸಂದು 0.8 ಮಿ.ಮೀ. ಇಟ್ಟೆ.

3. ಅಕ್ಟೋಬರ್ 22 ಮತ್ತು 29 – ಮೊದಲ ಸದ್ದು, ತಪ್ಪು ಸದ್ದು

35 ಆಂಪಿಯರ್-ಅವರ್ ಬ್ಯಾಟರಿ (3,600 ರೂ.), ಆಯಿಲ್ 3 ಲೀಟರ್ (1,050 ರೂ.), ಆಯಿಲ್ ಫಿಲ್ಟರ್ (110 ರೂ.), ಪ್ಲಗ್ ವಯರುಗಳು (650 ರೂ.), ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಮತ್ತು ರೋಟರ್ (480 ರೂ.) ಎಲ್ಲವನ್ನೂ ಒಂದೇ ದಿನ ಹಾಕಿದೆ. ಹಳೆಯ ಟ್ಯಾಂಕಿನ ಪೆಟ್ರೋಲ್ ಮುಟ್ಟದೆ, ಒಂದು ಬಾಟಲಿಯಿಂದ ಹೊಸ ಪೆಟ್ರೋಲನ್ನು ಕೊಳವೆಯಲ್ಲಿ ನೇರ ಕಾರ್ಬುರೇಟರಿಗೆ ಬಿಟ್ಟೆ. ಅಷ್ಟರಮಟ್ಟಿಗೆ ಬುದ್ಧಿವಂತಿಕೆ.

ಕೀಲಿ ತಿರುಗಿಸಿದಾಗ ಎಂಜಿನ್ ಒಂದೇ ಕಾಲಲ್ಲಿ ಕುಂಟಿದ ಹಾಗೆ ಎರಡು ಸಲ ಗುದ್ದಿ, ಕಾರ್ಬುರೇಟರಿನ ಬಾಯಿಂದ ಪಟಾರನೆ ಬೆಂಕಿ ಉಗುಳಿತು. ಬಾಟಲಿ ಒಂದೂವರೆ ಅಡಿ ದೂರದಲ್ಲಿತ್ತು. ಬೆಂಕಿ ನಂದಿಸುವ ಸಿಲಿಂಡರ್ ಶೆಡ್ಡಿನಲ್ಲಿ ಇರಲಿಲ್ಲ. ಒದ್ದೆ ಗೋಣಿಚೀಲವೂ ಇರಲಿಲ್ಲ. ಅಂದು ಕೆಲಸ ನಿಲ್ಲಿಸಿ, ಮುಂದಿನ ಭಾನುವಾರ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಮತ್ತೆ ಕುಳಿತೆ.

ಕಾರಣ ಸಣ್ಣದು. ಈ ಎಂಜಿನ್ನಿನಲ್ಲಿ ಕಿಡಿ ಹೊಡೆಯುವ ಕ್ರಮ 1-3-2. ಹಳೆಯ ವಯರುಗಳನ್ನು ಫೋಟೊ ತೆಗೆಯದೆ ಮೂರನ್ನೂ ಒಟ್ಟಿಗೇ ಕಿತ್ತಿದ್ದ ನಾನು, ಜೋಡಿಸುವಾಗ 1-2-3 ಎಂದು ಸಾಲಾಗಿ ಹಾಕಿದ್ದೆ. ಒಂದನೆಯ ಸಿಲಿಂಡರಿಗೆ ಮಾತ್ರ ಸರಿಯಾದ ಹೊತ್ತಿಗೆ ಕಿಡಿ ಸಿಗುತ್ತಿತ್ತು. ಎರಡು ವಯರು ಅದಲುಬದಲು ಮಾಡಿದ ಮೇಲೆ, ಚೋಕ್ (ತಣ್ಣಗಿನ ಎಂಜಿನ್ನಿಗೆ ಗಾಳಿ ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುವ ಬಾಗಿಲು) ಎಳೆದು ಮೂರನೆಯ ಯತ್ನಕ್ಕೆ ಎಂಜಿನ್ ಹಿಡಿಯಿತು. ಬಾಟಲಿಯ ಪೆಟ್ರೋಲಿನಲ್ಲಿ ನಾಲ್ಕು ನಿಮಿಷ ಓಡಿತು. ಆ ಮೂರು ಸಿಲಿಂಡರಿನ ಗುರುಗುರು ಸದ್ದು ಕೇಳಿ ಅಡುಗೆಮನೆಯಿಂದ ಮಗಳು ಓಡಿಬಂದಳು. ಈ ಸದ್ದು ಕೇಳಿದಾಗ ಅವಳಿಗೆ ಶಾಲೆಗೆ ತಡವಾಯಿತು ಅನ್ನಿಸುತ್ತದಂತೆ.

4. ನವೆಂಬರ್ 5ರಿಂದ 26 – ಟ್ಯಾಂಕು, ಕಾರ್ಬುರೇಟರ್, ಪಂಪು

ಇಲ್ಲಿ ನಾನು ಸರಿಯಾಗಿ ಎಡವಿದೆ. ಬಾಟಲಿಯಲ್ಲಿ ಓಡಿದ ಉತ್ಸಾಹದಲ್ಲಿ, ಟ್ಯಾಂಕಿನ ಹಳೆಯ ಪೆಟ್ರೋಲನ್ನು ಕೊಳವೆಯಿಂದ ಎಳೆದು ಹಾಕಿ (7 ಲೀಟರ್ ಬಂತು, ಬಣ್ಣ ಕಷಾಯದಂತೆ, ವಾಸನೆ ವಾರ್ನಿಷಿನಂತೆ), 5 ಲೀಟರ್ ಹೊಸದು ತುಂಬಿ, ಒಂದು ಹೊಸ ಫಿಲ್ಟರ್ ಹಾಕಿದರೆ ಸಾಕೆಂದುಕೊಂಡೆ. ಟ್ಯಾಂಕನ್ನು ಇಳಿಸಲಿಲ್ಲ. ಹನ್ನೊಂದು ನಿಮಿಷ ಚೆನ್ನಾಗಿ ಓಡಿದ ಎಂಜಿನ್ ಮಿಸ್ ಹೊಡೆಯಲು ಆರಂಭಿಸಿ ನಿಂತಿತು. ಫಿಲ್ಟರ್ ಬಿಚ್ಚಿ ನೋಡಿದರೆ ಒಳಗೆ ಕೆಮ್ಮಣ್ಣು ಕದಡಿದಂತಹ ತುಕ್ಕು. ಅದರಲ್ಲಿ ನುಣ್ಣಗಿನದು ಫಿಲ್ಟರನ್ನೂ ದಾಟಿ ಕಾರ್ಬುರೇಟರಿಗೆ ಹೋಗಿತ್ತು.

ಟ್ಯಾಂಕನ್ನು ಆಮೇಲೆ ಇಳಿಸಲೇಬೇಕಾಯಿತು. ಬ್ಯಾಟರಿಯ ತಂತಿ ಕಳಚಿ, ಕಾರನ್ನು ಅಂಗಳಕ್ಕೆ ತಳ್ಳಿ, ಸುತ್ತ ಯಾವ ಕಿಡಿಯೂ ಇಲ್ಲದಂತೆ ನೋಡಿಕೊಂಡು ಇಳಿಸಿದೆ. ಒಳಗೆ ಒಂದು ಮೊಳ ಸಣ್ಣ ಸರಪಳಿ ಮತ್ತು ಎರಡು ಹಿಡಿ ನಟ್ಟು ಹಾಕಿ, ಸ್ವಲ್ಪ ಪೆಟ್ರೋಲ್ ಬೆರೆಸಿ, ನಾನೂ ಮಗಳೂ ಎರಡು ಕಡೆ ಹಿಡಿದು ನಲವತ್ತು ನಿಮಿಷ ಕುಲುಕಿದೆವು. ಮೂರು ಸಲ ಬರೀ ಪೆಟ್ರೋಲಿನಲ್ಲಿ ತೊಳೆದ ಮೇಲೆ ನೀರು ತಿಳಿಯಾದಂತೆ ತಿಳಿಯಾಯಿತು. ಸರಪಳಿಯ ಬದಲು ಬಿಡಿ ನಟ್ಟುಗಳನ್ನಷ್ಟೇ ಹಾಕಿದರೆ ಒಂದೆರಡು ಒಳಗೇ ಉಳಿದು ಜೀವನಪೂರ್ತಿ ಗಲಗಲ ಎನ್ನುತ್ತವೆ. ಎಣಿಸಿ ಹಾಕಿ, ಎಣಿಸಿ ತೆಗೆಯಬೇಕು. ನಾನು ಎಣಿಸಿರಲಿಲ್ಲ. ಈಗಲೂ ಬಲಕ್ಕೆ ತಿರುಗಿದಾಗ ಒಂದು ನಟ್ಟು ಮಾತಾಡುತ್ತದೆ.

ಕಾರ್ಬುರೇಟರಿನ ಫ್ಲೋಟ್ ಬಟ್ಟಲಿನ ತಳದಲ್ಲಿ ಹಸಿರು-ಬಿಳಿ ಪುಡಿ ಕಟ್ಟಿತ್ತು, ಪೆಟ್ರೋಲ್ ಅಳೆದು ಬಿಡುವ ಮುಖ್ಯ ಜೆಟ್ಟಿನ ರಂಧ್ರ ಪೂರ್ತಿ ಮುಚ್ಚಿತ್ತು. ಅದನ್ನು ಹೊಲಿಗೆ ಸೂಜಿಯಿಂದ ಚುಚ್ಚಿ ತೆಗೆದೆ. ಇದು ಮಾಡಬಾರದ ಕೆಲಸ. ಹಿತ್ತಾಳೆಯ ಜೆಟ್ಟಿನ ರಂಧ್ರ ಕೂದಲೆಳೆಯಷ್ಟು ದೊಡ್ಡದಾದರೂ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ, ಉಕ್ಕಿನ ಸೂಜಿ ಹಿತ್ತಾಳೆಯನ್ನು ಬೆಣ್ಣೆಯಂತೆ ಗೀರುತ್ತದೆ. ಹೊಸ ಜೆಟ್‌ಗೆ 150, ಗ್ಯಾಸ್ಕೆಟ್ ಸಮೇತ ರಿಪೇರಿ ಕಿಟ್‌ಗೆ 650 ರೂಪಾಯಿ ತೆತ್ತೆ. ಉಳಿದ ಸಣ್ಣ ದಾರಿಗಳನ್ನು ಕ್ಲೀನರ್ ಸ್ಪ್ರೇ ಹೊಡೆದು, ಗಾಳದ ನೈಲಾನ್ ದಾರ ತೂರಿಸಿ ಬಿಡಿಸಿದೆ. ನೈಲಾನ್ ಗೀರುವುದಿಲ್ಲ.

ಹೀಗೆ ಬಿಚ್ಚಿ ಮೇಜಿನ ಮೇಲೆ ಇಟ್ಟಾಗಲೇ ಕಪ್ಪು ಪ್ಲಗ್ಗುಗಳ ಗುಟ್ಟು ರಟ್ಟಾಯಿತು. ಡ್ಯಾಶ್‌ಬೋರ್ಡಿನ ಚೋಕ್ ಗುಂಡಿಯನ್ನು ಪೂರ್ತಿ ಒಳಕ್ಕೆ ತಳ್ಳಿದರೂ ಚೋಕಿನ ಬಾಗಿಲು ಮೂರನೆಯ ಒಂದು ಭಾಗ ಮುಚ್ಚಿಯೇ ಇರುತ್ತಿತ್ತು. ಕೇಬಲ್ಲಿನ ಹೊರಕವಚ ಕ್ಲಿಪ್ಪಿನಿಂದ ಸುಮಾರು 6 ಮಿ.ಮೀ. ಜಾರಿತ್ತು. ನನಗೆ ತಿಳಿದಂತೆ ಈ ಕಾರು ಬಿಸಿಯಾದ ಮೇಲೆ ಸಿಗ್ನಲ್ಲಿನಲ್ಲಿ ಸುಮ್ಮನೆ ಬಿಟ್ಟರೆ ಉಸಿರುಕಟ್ಟಿದಂತೆ ಆಗಿ ನಿಲ್ಲುತ್ತಿತ್ತು, ಅದಕ್ಕಾಗಿ ನಿಂತಲ್ಲೆಲ್ಲ ಬಲಗಾಲಿನಿಂದ ಸ್ವಲ್ಪ ಸ್ವಲ್ಪ ರೇಸ್ ಕೊಡುತ್ತ ಇರಬೇಕಿತ್ತು. ಅದು ಈ ಗಾಡಿಯ ಸ್ವಭಾವ ಎಂದು ಹದಿನೈದು ವರ್ಷ ನಂಬಿದ್ದೆ, ಆಮೇಲೆ ಕೊಂಡ ಕಾರಿನಲ್ಲೂ ಅದನ್ನೇ ಮಾಡುತ್ತ ಬಂದಿದ್ದೆ. ಕ್ಲಿಪ್ಪನ್ನು ಅದರ ಜಾಗದಲ್ಲಿ ಕೂರಿಸಿ ಒಂದು ಸ್ಕ್ರೂ ಬಿಗಿಗೊಳಿಸಲು ಎರಡು ನಿಮಿಷ ಸಾಕಾಯಿತು.

ಮತ್ತೆ ಜೋಡಿಸಿದ ಮೇಲೆ ಐಡಲ್ (ರೇಸ್ ಕೊಡದಾಗಿನ ಎಂಜಿನ್ ವೇಗ) ಒಮ್ಮೆ ಏರಿ ಒಮ್ಮೆ ಇಳಿಯುತ್ತಿತ್ತು. ಕಾರ್ಬುರೇಟರಿನ ಬುಡದ ಸುತ್ತ ಕ್ಲೀನರ್ ಸಿಂಪಡಿಸಿದಾಗ ಎಂಜಿನ್ನಿನ ಸದ್ದು ಬದಲಾಯಿತು. ಅಲ್ಲಿ ಗಾಳಿ ಸೋರುತ್ತಿದೆ ಎಂದರ್ಥ. ಹಳೆಯ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕಿದ್ದೆ. ಹೊಸದಕ್ಕೆ 90 ರೂಪಾಯಿ. ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು: ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಮೇಲಿನ ಗೆರೆಯನ್ನೂ ದಾಟಿತ್ತು, ಮೂಗಿಗೆ ಹಿಡಿದರೆ ಪೆಟ್ರೋಲ್. ಈ ಎಂಜಿನ್ನಿನ ಪೆಟ್ರೋಲ್ ಪಂಪ್ ಯಾಂತ್ರಿಕವಾದದ್ದು, ಎಂಜಿನ್ನಿನ ಮೇಲೇ ಕೂತಿರುತ್ತದೆ. ಒಳಗಿನ ರಬ್ಬರ್ ಪೊರೆ ಹರಿದರೆ ಪೆಟ್ರೋಲ್ ನೇರ ಆಯಿಲಿಗೆ ಇಳಿಯುತ್ತದೆ. ತೆಳುವಾದ ಆಯಿಲಿನಲ್ಲಿ ಓಡಿಸಿದರೆ ಬೇರಿಂಗ್ ಹೋಗುತ್ತದೆ. ಹೊಸ ಪಂಪ್ 850 ರೂಪಾಯಿ, ಹಾಕಿ ತಿಂಗಳಾಗದ ಆಯಿಲ್ ಚೆಲ್ಲಿ ಮತ್ತೆ 1,050 ರೂಪಾಯಿ. ಐದು ವರ್ಷ ಒಣಗಿದ ರಬ್ಬರನ್ನು ನಂಬಬಾರದೆಂದು ರೇಡಿಯೇಟರ್ ಹೋಸುಗಳಿಗೆ ಅನ್ವಯಿಸಿದ ನಾನು (ಕೂಲಂಟ್ ಸೇರಿ 900 ರೂ.) ಪಂಪಿಗೆ ಅನ್ವಯಿಸಲು ಮರೆತಿದ್ದೆ. ಟೈಮಿಂಗ್ ಬೆಲ್ಟನ್ನು ನಾನೇ ಮುಟ್ಟಲಿಲ್ಲ, ಪರಿಚಯದ ಮೆಕ್ಯಾನಿಕ್ ಒಬ್ಬರು ಶೆಡ್ಡಿಗೇ ಬಂದು ಬದಲಿಸಿಕೊಟ್ಟರು (1,400 ರೂ.).

5. ಡಿಸೆಂಬರ್ 3ರಿಂದ 17 – ಬ್ರೇಕು

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ದ್ರವ. ಮಲೆನಾಡಿನ ಆರು ಮಳೆಗಾಲಕ್ಕೆ ಅದು ಕಡುಚಹಾದ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಡ್ರಮ್ಮುಗಳನ್ನು ತೆಗೆಯಲು ಸುತ್ತಲೂ ಮರದ ಸುತ್ತಿಗೆಯಿಂದ ತಟ್ಟುತ್ತ ಒಂದೊಂದಕ್ಕೆ ಅರ್ಧ ಗಂಟೆ ಹಿಡಿಯಿತು. ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ಎಡಗಡೆಯ ವೀಲ್ ಸಿಲಿಂಡರಿನ ಪಿಸ್ಟನ್ ಸೀಜ್ ಆಗಿತ್ತು; ಬಲಗಡೆಯದು ಸೋರುತ್ತಿತ್ತು.

ಹಣ ಉಳಿಸುವ ಆಸೆಗೆ ಬಲಗಡೆಯದಕ್ಕೆ ರಬ್ಬರ್ ಕಪ್ಪು ಮಾತ್ರ ಬದಲಿಸಿದೆ. ಒಳಗೋಡೆಯಲ್ಲಿ ತುಕ್ಕಿನ ಕುಳಿಗಳು ಬೆರಳಿಗೇ ಸಿಗುತ್ತಿದ್ದವು, ಆದರೂ. ಬ್ಲೀಡ್ ಮಾಡುವಾಗ (ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಹಾಕುವಾಗ) ಆ ಚಕ್ರದ ನಿಪ್ಪಲ್ ಕೈಯಲ್ಲೇ ಮುರಿಯಿತು, ಸೋರಿಕೆಯೂ ನಿಲ್ಲಲಿಲ್ಲ. ಕೊನೆಗೆ ಎರಡೂ ಸಿಲಿಂಡರ್ ಹೊಸದು (760 ರೂ.), ಶೂಗಳು (520 ರೂ.), ಡಾಟ್ 3 ಆಯಿಲ್ ಎರಡು ಡಬ್ಬಿ (420 ರೂ.; ಒಂದು ಡಬ್ಬಿ ಪೂರ್ತಿ ದಂಡ). ಪೈಪಿನ ನಟ್ಟನ್ನು ಸಾಮಾನ್ಯ 10ರ ಸ್ಪ್ಯಾನರಿನಲ್ಲಿ ಬಿಚ್ಚಲು ಹೋಗಿ ಮೂಲೆಗಳು ಸವೆದವು. ಪೈಪನ್ನು ಸುತ್ತಿ ಹಿಡಿಯುವ ಸ್ಪ್ಯಾನರನ್ನು 280 ರೂಪಾಯಿಗೆ ತಂದಿದ್ದರೆ ಮೊದಲ ದಿನವೇ ಮುಗಿಯುತ್ತಿತ್ತು, ಮೂರನೆಯ ದಿನ ತಂದೆ.

ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಎಡ ಹಿಂಚಕ್ರದಿಂದ ಆರಂಭಿಸಿ ಹತ್ತಿರಕ್ಕೆ ಬರುತ್ತ, ಮಗಳು ಪೆಡಲ್ ಒತ್ತಿ ಹಿಡಿಯುವುದು, ನಾನು ನಿಪ್ಪಲ್ ಸಡಿಲಿಸುವುದು ಎಂಬ ಕ್ರಮದಲ್ಲಿ ಗುಳ್ಳೆ ನಿಲ್ಲುವವರೆಗೆ ತೆಗೆದೆವು. ಪೆಡಲ್ ಆಗಲೂ ಎರಡನೆಯ ಒತ್ತಿಗೇ ಗಟ್ಟಿಯಾಗುತ್ತಿತ್ತು. ಇನ್ನೂ ಏರ್ ಇದೆಯೆಂದು ಮತ್ತೆ ಮತ್ತೆ ಬ್ಲೀಡ್ ಮಾಡಿ ಒಂದು ಭಾನುವಾರ ಕಳೆದೆ. ಏರ್ ಇರಲಿಲ್ಲ. ಹಿಂದಿನ ಶೂ ಮತ್ತು ಡ್ರಮ್ಮಿನ ನಡುವೆ ಅಂತರ ಹೆಚ್ಚಿತ್ತು. ಮೊದಲ ಒತ್ತು ಆ ಅಂತರ ತುಂಬುವುದಕ್ಕೇ ಖರ್ಚಾಗುತ್ತಿತ್ತು, ಎರಡನೆಯದು ಕೆಲಸ ಮಾಡುತ್ತಿತ್ತು. ಶೂಗಳನ್ನು ಹೊಂದಿಸುವ ಕೊಂಡಿ ತುಕ್ಕು ಹಿಡಿದು ಎಷ್ಟೋ ವರ್ಷಗಳಿಂದ ಒಂದೇ ಜಾಗದಲ್ಲಿ ನಿಂತಿತ್ತು. ಅದನ್ನು ಉಜ್ಜಿ, ಗ್ರೀಸ್ ಹಚ್ಚಿ, ಡ್ರಮ್ ತಿರುಗಿಸಿದಾಗ ಶೂ ಸಣ್ಣಗೆ ಸವರುವಷ್ಟು ಹೊರಕ್ಕೆ ತಂದ ಮೇಲೆ ಪೆಡಲ್ ಒಂದೇ ಒತ್ತಿಗೆ ಕಲ್ಲಿನಂತೆ ನಿಂತಿತು. 2003ರಲ್ಲಿ ಚಿಕ್ಕಪ್ಪ ಹೇಳಿಕೊಟ್ಟ ಮೊದಲ ಪಾಠ ‘ಬ್ರೇಕ್ ಎರಡು ಸಲ ತುಳಿ, ಒಂದು ಸಲಕ್ಕೆ ಯಾವ ಗಾಡಿಯೂ ನಿಲ್ಲುವುದಿಲ್ಲ’ ಎಂಬುದು. ಅವರು ಓಡಿಸುತ್ತಿದ್ದ ಹಳೆಯ ಜೀಪಿನಲ್ಲೂ ಕೊಂಡಿ ತುಕ್ಕು ಹಿಡಿದಿತ್ತೋ ಏನೋ.

6. ಡಿಸೆಂಬರ್ 24 – ಕ್ಲಚ್

ಕೇಬಲ್ಲಿನ ಎಳೆಗಳು ಬಿಡುತ್ತಿದ್ದುದರಿಂದ ಬದಲಿಸಬೇಕಿತ್ತು (340 ರೂ.). ಹಳೆಯದನ್ನು ಬಿಚ್ಚುವಾಗ ಹೊಂದಿಸುವ ನಟ್ಟಿನಾಚೆ ಎಷ್ಟು ಮರೆ (ಸ್ಕ್ರೂವಿನ ಸುತ್ತು) ಹೊರಗಿದೆ ಎಂದು ಅಳೆದೆ: 14 ಮಿ.ಮೀ. ಹೊಸ ಕೇಬಲ್ ಹಾಕಿ ಅದನ್ನೂ 14ಕ್ಕೇ ತಂದು ನಿಲ್ಲಿಸುವ ಯೋಚನೆಯಲ್ಲಿದ್ದೆ. ಕೈಪಿಡಿ ತೆರೆದು ನೋಡಿದರೆ ಲಿವರಿನ ಬಳಿ ಕೆಲವು ಮಿಲಿಮೀಟರ್ ಆಟ ಇರಲೇಬೇಕು. ಆಟವಿಲ್ಲದಿದ್ದರೆ ಕಾಲು ತೆಗೆದ ಮೇಲೂ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಒತ್ತಿಕೊಂಡೇ ತಿರುಗುತ್ತದೆ, ಪ್ಲೇಟು ಜಾರುತ್ತ ಸವೆಯುತ್ತದೆ, ಕ್ಲಚ್ ಹಿಡಿಯುವ ಜಾಗ ಪೆಡಲಿನ ತುತ್ತತುದಿಗೆ ಹೋಗುತ್ತದೆ. ಅಕ್ಟೋಬರ್ 8ರ ‘ಆಟ 0, ಸರಿಯಿದೆ’ ಎಂಬ ಸಾಲು ಆಗ ಕಣ್ಣಿಗೆ ಬಿತ್ತು.

ಯಾರು ಹೀಗೆ ಬಿಗಿದದ್ದು ಎಂದು ಹಿಂದಿನ ಮಾಲೀಕರನ್ನು ಮನಸ್ಸಿನಲ್ಲೇ ಬೈದುಕೊಂಡೆ. ಕಾರಿನ ಕಾಗದಪತ್ರಗಳ ಜೊತೆಗಿದ್ದ 2003ರ ನನ್ನ ಹಳೆಯ ಡೈರಿಯಲ್ಲಿ ಸರ್ವಿಸಿನ ತಾರೀಖು ಹುಡುಕುವಾಗ ನನ್ನದೇ ಕೈಬರಹದಲ್ಲಿ ಉತ್ತರ ಸಿಕ್ಕಿತು: ‘ಕ್ಲಚ್ ಪೆಡಲ್ ಸಡಿಲ ಅನ್ನಿಸಿತು. ನಟ್ಟು ಆರು ಸುತ್ತು ಬಿಗಿ ಮಾಡಿದೆ. ಈಗ ಪರವಾಗಿಲ್ಲ.’ ಕಾರು ಕೊಂಡ ಎರಡನೆಯ ವಾರದ ದಾಖಲೆ ಅದು. ಪೆಡಲಿನಲ್ಲಿ ಇರಬೇಕಾದ ಆಟವನ್ನೇ ದೋಷವೆಂದು ತಿಳಿದು ತೆಗೆದುಹಾಕಿ, ಆಮೇಲೆ ಆ ತಪ್ಪಿನ ಮೇಲೇ ಹಾಫ್ ಕ್ಲಚ್ ಅಭ್ಯಾಸ ಮಾಡಿದ್ದೆ. ಆ ವರ್ಷ ಡ್ರೈವಿಂಗ್ ಟೆಸ್ಟಿಗೆ ಬಾಡಿಗೆಯ ಬೇರೆ ಕಾರು ತೆಗೆದುಕೊಂಡು ಹೋಗಿ, ಏರಿನಲ್ಲಿ ಎರಡು ಸಲ ಆಫ್ ಮಾಡಿ, ಒಮ್ಮೆ ಹಿಂದಕ್ಕೆ ಜಾರಿ ಫೇಲಾಗಿದ್ದೆ. ಆ ಕಾರಿನ ಕ್ಲಚ್ ಕೆಟ್ಟಿತ್ತು ಎಂದು ಇಪ್ಪತ್ತು ವರ್ಷದಿಂದ ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದೇನೆ.

ಹೊಸ ಕೇಬಲ್ಲಿಗೆ ಲಿವರಿನಲ್ಲಿ 3 ಮಿ.ಮೀ., ಪೆಡಲಿನಲ್ಲಿ ಅಳೆದರೆ 20 ಮಿ.ಮೀ. ಆಟ ಕೊಟ್ಟೆ. ಪ್ಲೇಟು ಉಳಿದಿದೆಯೇ ಎಂದು ನೋಡಲು ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ಮೂರನೆಯ ಗೇರಿನಲ್ಲಿ ಕ್ಲಚ್ ಬಿಟ್ಟೆ. ಎಂಜಿನ್ ಕೂಡಲೇ ನಿಂತಿತು, ಎಂದರೆ ಪ್ಲೇಟು ಜಾರುತ್ತಿಲ್ಲ. ನ್ಯೂಟ್ರಲಿನಲ್ಲಿ ಸದಾ ಕೇಳುತ್ತಿದ್ದ, ಗೇರ್‌ಬಾಕ್ಸಿನದೆಂದು ತಿಳಿದಿದ್ದ ಚಿರ್ ಎನ್ನುವ ಸದ್ದೂ ಮಾಯವಾಯಿತು. ಅದು ಬಿಡುವಿಲ್ಲದೆ ತಿರುಗುತ್ತಿದ್ದ ಬೇರಿಂಗಿನ ಅಳಲಾಗಿತ್ತು.

ಆಮೇಲೆ ಕಾರನ್ನು ಅಂಗಳದಲ್ಲೇ ಇಪ್ಪತ್ತು ಅಡಿ ಮುಂದಕ್ಕೆ ತರಲು ಕುಳಿತೆ. ಒಂದನೆಯ ಗೇರು ಹಾಕಿ, ಎಂದಿನಂತೆ ಕ್ಲಚ್ಚಿನ ಮೊದಲ ಅರ್ಧವನ್ನು ಬೇಗನೆ ಬಿಟ್ಟೆ. ಅಲ್ಲಿ ಏನೂ ಇಲ್ಲವೆಂದು ನನ್ನ ಎಡಗಾಲಿಗೆ ಗೊತ್ತಿತ್ತು. ಕಾರು ಒಂದು ಸಲ ಜಿಗಿದು ಆಫ್ ಆಯಿತು. ಮತ್ತೆ ಜಿಗಿಯಿತು, ಮತ್ತೆ ಆಫ್. ಒಟ್ಟು ಐದು ಸಲ. ಕ್ಲಚ್ ಈಗ ಪೆಡಲಿನ ನಡುವಿನಲ್ಲಿ, ಹಿಡಿಯಬೇಕಾದ ಜಾಗದಲ್ಲೇ, ಹಿಡಿಯುತ್ತಿತ್ತು. ಬಾಗಿಲ ಬಳಿ ನಿಂತಿದ್ದ ಮಗಳು ಏನೂ ಹೇಳಲಿಲ್ಲ.

7. ಜನವರಿ 7ರಿಂದ 21 – ನೆಲ, ಬುಷ್, ಟೈರು

ಇದರಲ್ಲಿ ಹೇಳುವುದು ಹೆಚ್ಚಿಲ್ಲ. ಚಾಲಕನ ಕಾಲಡಿಯ ತಗಡು ರಬ್ಬರ್ ಮ್ಯಾಟಿನ ಕೆಳಗೆ ಅಂಗೈಯಗಲ ತೂತಾಗಿತ್ತು. ಬೆಸುಗೆಗೆ 3,500 ರೂಪಾಯಿ ಕೊಟ್ಟೆ. 12 ಇಂಚಿನ ಹೊಸ ಟೈರು ನಾಲ್ಕಕ್ಕೆ 9,200. ಮುಂದಿನ ಎಡ ಲೋವರ್ ಆರ್ಮಿನ (ಚಕ್ರವನ್ನು ಹಿಡಿದಿಡುವ ತೋಳಿನ) ಬುಷ್ ಸವೆದು ಅಂಡಾಕಾರವಾಗಿದ್ದರಿಂದ ಎರಡೂ ಕಡೆ ಬದಲಿಸಿ (600 ರೂ.), ಅಲೈನ್‌ಮೆಂಟ್ ಮಾಡಿಸಿದೆ (350 ರೂ.). ಕಾರು ಎಡಕ್ಕೆ ಎಳೆಯುವುದು ನಿಂತಿತು. ಸ್ಟಿಯರಿಂಗನ್ನು ಸದಾ ಕೂದಲೆಳೆಯಷ್ಟು ಬಲಕ್ಕೆ ಹಿಡಿಯುವ ನನ್ನ ಕೈ ಮಾತ್ರ ಇನ್ನೂ ನಿಂತಿಲ್ಲ.

8. ಜನವರಿ 22ರಿಂದ ಫೆಬ್ರವರಿ 9 – ಕಾಗದಪತ್ರ

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ನನ್ನದು 2011ರಲ್ಲಿ ಮತ್ತು 2016ರಲ್ಲಿ ನವೀಕರಣವಾಗಿ, 2021ರಲ್ಲಿ ಶೆಡ್ಡಿನೊಳಗೇ ಮುಗಿದುಹೋಗಿತ್ತು. ನೋಂದಣಿ ಇಲ್ಲದ ಕಾರನ್ನು ರಸ್ತೆಯಲ್ಲಿ ಓಡಿಸುವಂತಿಲ್ಲವಾದ್ದರಿಂದ ಬೆಸುಗೆಗೆ, ಅಲೈನ್‌ಮೆಂಟಿಗೆ, ಹೊಗೆ ತಪಾಸಣೆಗೆ, ಆರ್‌ಟಿಒ ತಪಾಸಣೆಗೆ ಎಲ್ಲದಕ್ಕೂ ಲಾರಿಯ ಮೇಲೆ ಹೇರಿಕೊಂಡು ಹೋದೆ. ಈ ಖರ್ಚನ್ನು ನಾನು ಮೊದಲೇ ಲೆಕ್ಕ ಹಾಕಿರಲಿಲ್ಲ. ಎಲ್ಲ ಸೇರಿ 7,000 ರೂಪಾಯಿ. ನವೀಕರಣಕ್ಕೆ ಫಾರಂ 25 ಕೊಡಬೇಕು. 15 ವರ್ಷ ದಾಟಿದ ಕಾರಿಗೆ ಆ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಗಿತ್ತು, 2024ರಲ್ಲಿ ನಾನು ಹೋದಾಗಲೂ ಅಷ್ಟೇ ಇತ್ತು. ತಡವಾದುದರ ದಂಡ, ಹಸಿರು ತೆರಿಗೆ ಬೇರೆ. ಥರ್ಡ್ ಪಾರ್ಟಿ ವಿಮೆಯ ಮೂಲ ದರ 1,000 ಸಿಸಿ ಒಳಗಿನ ಕಾರಿಗೆ ಆಗ 2,094 ರೂಪಾಯಿ ಇತ್ತು, ಅದರ ಮೇಲೆ ಜಿಎಸ್‌ಟಿ.

ಹೊಗೆ ತಪಾಸಣೆಯಲ್ಲಿ ಮೊದಲ ಸಲ ಕಾರ್ಬನ್ ಮೊನಾಕ್ಸೈಡ್ 4.6 ಶೇಕಡ ಬಂತು. ಇಷ್ಟು ಹಳೆಯ ಪೆಟ್ರೋಲ್ ಕಾರಿಗೆ ಮಿತಿ 3 ಶೇಕಡ. ಕಾರ್ಬುರೇಟರಿನ ಮಿಕ್ಸ್‌ಚರ್ ಸ್ಕ್ರೂ ಅನ್ನು ಕಾಲು ಕಾಲು ಸುತ್ತು ಒಳಕ್ಕೆ ತಿರುಗಿಸುತ್ತ, ಐಡಲ್ ಕುಸಿಯುವ ಹಂತಕ್ಕೆ ಬಂದಾಗ ಸ್ವಲ್ಪ ಹಿಂದಕ್ಕೆ ತಂದೆ, 1.9ಕ್ಕೆ ಇಳಿಯಿತು. ಆರ್‌ಟಿಒದಲ್ಲಿ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯುತ್ತಾರೆ. ತುಕ್ಕಿನಡಿ ಎರಡು ಅಂಕಿ ಓದಲು ಬರುತ್ತಿರಲಿಲ್ಲ. ಅಲ್ಲಿ ಮರಳುಕಾಗದ ಹಾಕಿ ಉಜ್ಜಬೇಡಿ, ಅಂಕಿಯೇ ಅಳಿಸೀತು. ಸೀಮೆಎಣ್ಣೆ ಮತ್ತು ಟೂತ್ ಬ್ರಷ್ ಸಾಕಾಗುತ್ತದೆ.

ಬಿಡಿಭಾಗ, ದ್ರವಗಳು, ಹೊರಗೆ ಕೊಟ್ಟ ಕೂಲಿ ಎಲ್ಲ ಸೇರಿ, ಸಾಗಣೆ ಮತ್ತು ಸರ್ಕಾರಿ ಶುಲ್ಕ ಬಿಟ್ಟು, 27,550 ರೂಪಾಯಿ ಆಯಿತು. ಅದರಲ್ಲಿ ಒಂದು ಸಲದ ಆಯಿಲ್, ಒಂದು ಡಬ್ಬಿ ಬ್ರೇಕ್ ಆಯಿಲ್ ಮತ್ತು ಸೂಜಿಯಿಂದ ಹಾಳಾದ ಜೆಟ್ ಸೇರಿ 1,410 ರೂಪಾಯಿ ನನ್ನ ಕೈಯಾರೆ ಕಳೆದದ್ದು.

9. ಫೆಬ್ರವರಿ 11 ಮತ್ತು 18 – ಮೈದಾನ

ಮಗಳ ಕಲಿಕಾ ಲೈಸೆನ್ಸ್ ಬಂದಿತ್ತು. ಬಿಳಿಯ 18 ಸೆಂಟಿಮೀಟರ್ ಚೌಕದಲ್ಲಿ ಕೆಂಪು ‘ಎಲ್’ ಅಕ್ಷರ ಬರೆದು ಹಿಂದೆ ಮುಂದೆ ಅಂಟಿಸಿದೆವು. ಸಂತೆಮಾಳದಲ್ಲಿ ಈಗ ಕಟ್ಟಡಗಳು ಬಂದಿರುವುದರಿಂದ ಊರಾಚೆಯ ಖಾಲಿ ಮೈದಾನಕ್ಕೆ ನಾನೇ ಓಡಿಸಿಕೊಂಡು ಹೋದೆ. ದಾರಿಯಲ್ಲಿ ಎರಡು ಸಲ ಆಫ್ ಮಾಡಿದೆ. ಅಲ್ಲಿ ಸೀಟು ಬದಲಿಸಿಕೊಂಡು, ಕ್ಲಚ್ಚನ್ನು ನಿಧಾನವಾಗಿ ಬಿಡುತ್ತ ಎಲ್ಲಿ ಕಾರು ನಡುಗಲು ಆರಂಭಿಸುತ್ತದೋ ಅಲ್ಲಿ ಕಾಲನ್ನು ನಿಲ್ಲಿಸು ಎಂದಷ್ಟೇ ಹೇಳಿದೆ. ಎಲ್ಲಿ ಎಂದು ನಾನು ಹೇಳಲು ಹೋಗಲಿಲ್ಲ, ನನಗೇ ಸರಿಯಾಗಿ ಗೊತ್ತಿರಲಿಲ್ಲ. ಮೊದಲ ಯತ್ನಕ್ಕೆ ಆಫ್ ಆಯಿತು, ಎರಡನೆಯದಕ್ಕೂ ಆಯಿತು. ಮೂರನೆಯ ಸಲ ಬಾನೆಟ್ಟು ಸ್ವಲ್ಪ ಎದ್ದು, ಕಾರು ಜಿಗಿಯದೆ ಉರುಳಿತು.

ಎರಡನೆಯ ಭಾನುವಾರ ಅವಳು ಎರಡನೆಯ ಗೇರಿಗೆ ಹೋದಳು. ಒಂದು ನಾಯಿ ಅಡ್ಡ ಬಂದಾಗ ಅವಳು ಬ್ರೇಕನ್ನು ಒಂದೇ ಸಲ ಒತ್ತಿ ನಿಲ್ಲಿಸಿದಳು. ಪಕ್ಕದ ಸೀಟಿನಲ್ಲಿ ಕುಳಿತಿದ್ದ ನನ್ನ ಬಲಗಾಲು ಕಾಲಡಿಯ ತಗಡನ್ನು ಎರಡು ಸಲ ತುಳಿದಿತ್ತು. ಅದೇನು ಸದ್ದು ಎಂದು ಅವಳು ಕೇಳಿದಳು. ನಟ್ಟು ಇರಬೇಕು ಎಂದೆ.

ಉಳಿದ ಕೆಲಸ: 50 ಕಿಲೋಮೀಟರ್ ವೇಗ ದಾಟಿದಾಗ ಸ್ಟಿಯರಿಂಗ್ ಸಣ್ಣಗೆ ನಡುಗುತ್ತಿದೆ. ಚಕ್ರಗಳ ಬ್ಯಾಲೆನ್ಸಿಂಗ್ ಮಾಡಿಸಿದ ಮೇಲೂ ಹೋಗಿಲ್ಲ, ಬಲಗಡೆಯ ಡ್ರೈವ್ ಶಾಫ್ಟಿನ ಒಳ ಜಾಯಿಂಟಿನ ಮೇಲೆ ಅನುಮಾನವಿದೆ. ರಬ್ಬರ್ ಬೂಟು ಹರಿದು ಗ್ರೀಸ್ ಚಿಮ್ಮಿರುವುದು ಕಾಣುತ್ತದೆ. ಮುಂದಿನ ಭಾನುವಾರ ಅದನ್ನು ಬಿಚ್ಚುವುದು, ಈ ಸಲ ಫೋಟೊ ತೆಗೆದು.